ಟ್ರಂಕು ಹೊತ್ತು ಬಂದವರ ವಿಶ್ವವಿದ್ಯಾಲಯ

ಮೈಸೂರು ವಿಶ್ವವಿದ್ಯಾಲಯದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅರಮನೆಯಿಂದ ಶುರು ಮಾಡುತ್ತಾರೆ. 1916ರ ಜುಲೈ 27, ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯ, ದೇಶೀ ಸಂಸ್ಥಾನದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ. ಇಷ್ಟು ಹೇಳಿ ಮುಗಿಸಿದರೆ ಮುಂದೆ ದೊಡ್ಡವರ ಹೆಸರುಗಳ ಮೆರವಣಿಗೆ ಹೊರಡುತ್ತದೆ. ಮೆರವಣಿಗೆ ಸುಳ್ಳೇನಲ್ಲ, ನಾನೂ ಸ್ವಲ್ಪ ದೂರ ಅದರ ಜೊತೆಗೇ ಹೋಗುವವನು. ಆದರೆ ತಗಡಿನ ಟ್ರಂಕು, ಸುತ್ತಿದ ಚಾಪೆ ಹೊತ್ತು ಹಳ್ಳಿಯಿಂದ ಬಂದು ಮೈಸೂರಿನಲ್ಲಿ ಇಳಿದ ಹುಡುಗನಿಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ತತ್ವಶಾಸ್ತ್ರದ್ದಲ್ಲ, ರಾತ್ರಿ ಊಟದ್ದು. ಆ ಪ್ರಶ್ನೆಗೆ ಊರಿನ ಗೃಹಸ್ಥರು, ಮಠಗಳು, ಜಾತಿ ಸಂಘಗಳು, ಸರ್ಕಾರ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕೊಟ್ಟವು. ಆ ಉತ್ತರಗಳನ್ನು ಬಿಟ್ಟು ಬರೀ ಕುಲಪತಿಗಳ ಪಟ್ಟಿ ಹಿಡಿದು ಕೂತರೆ ಈ ವಿಶ್ವವಿದ್ಯಾಲಯ ಅರ್ಥವಾಗುವುದಿಲ್ಲ ಎಂಬುದು ನನ್ನ ತಕರಾರು.

ಮೊದಲು ಅರಮನೆಯ ಭಾಗವನ್ನೇ ನೋಡಿಬಿಡೋಣ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಇಂಗ್ಲಿಷ್ ಕಲಿಸಲೆಂದು ತೆರೆದ ಉಚಿತ ಶಾಲೆಯೇ ಬೆಳೆದು ಮಹಾರಾಜ ಕಾಲೇಜಾಯಿತು. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು ಇತ್ತು. ಎರಡೂ ಮದರಾಸು ವಿಶ್ವವಿದ್ಯಾಲಯದ ಅಧೀನ. ಪಾಠ ಇಲ್ಲಿನದಾದರೂ ಪರೀಕ್ಷೆ ಅಲ್ಲಿನದು, ಪದವಿಯ ಮೇಲಿನ ಮೊಹರು ಅಲ್ಲಿನದು. ಹೀಗೆ ಹುಡುಗರನ್ನು ಓದಿಸಿ ಮೌಲ್ಯ ಕಟ್ಟಲು ಬೇರೆಯವರ ಊರಿಗೆ ಕಳಿಸುವುದು ವಿಶ್ವೇಶ್ವರಯ್ಯನವರಂಥ ಲೆಕ್ಕಾಚಾರದ ಮನುಷ್ಯನಿಗೆ ಒಪ್ಪಿತವಾಗುವ ಸಂಗತಿಯಲ್ಲ. ಕಾರ್ಖಾನೆ, ಬ್ಯಾಂಕು, ಅಣೆಕಟ್ಟು ಕಟ್ಟುತ್ತಿದ್ದ ಸಂಸ್ಥಾನಕ್ಕೆ ಅವನ್ನು ನಡೆಸುವ ಜನ ಬೇಕಿತ್ತು. ವಿಶ್ವವಿದ್ಯಾಲಯ ಹುಟ್ಟಿದ ಮರುವರ್ಷವೇ, 1917ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದದ್ದು ಆಕಸ್ಮಿಕವಲ್ಲ.

ನೀಲನಕ್ಷೆ ಹಾಕಿದವರು ಮಹಾರಾಜ ಕಾಲೇಜಿನ ಇಬ್ಬರು ಮೇಷ್ಟ್ರು: ಥಾಮಸ್ ಡೆನ್‌ಹ್ಯಾಮ್ ಮತ್ತು ಕಟ್ಟಮಂಚಿ ರಾಮಲಿಂಗಾ ರೆಡ್ಡಿ. ಹೊರದೇಶಗಳ ವಿಶ್ವವಿದ್ಯಾಲಯಗಳು ಹೇಗೆ ನಡೆಯುತ್ತವೆ ಎಂಬ ಅಧ್ಯಯನ ಈ ನಕ್ಷೆಯ ಹಿಂದಿತ್ತು. ಸಂಶೋಧನೆಗೆ ಷಿಕಾಗೊ, ಸಾರ್ವಜನಿಕ ಬದುಕಿಗೆ ವಿದ್ಯಾರ್ಥಿಗಳನ್ನು ಹುರಿಗೊಳಿಸುವುದಕ್ಕೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್, ಕಲಿಕೆಯನ್ನು ಕ್ಯಾಂಪಸ್ಸಿನ ಆಚೆ ರೈತರ ತನಕ ಒಯ್ಯುವುದಕ್ಕೆ ಅಮೆರಿಕದ ವಿಸ್ಕಾನ್ಸಿನ್ ಮಾದರಿಯಾದವು. ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಅದು ಮುಂದೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ವಡಿಯವರು ಮೊದಲ ಕುಲಾಧಿಪತಿ. ಎಚ್.ವಿ. ನಂಜುಂಡಯ್ಯ ಮೊದಲ ಉಪಕುಲಪತಿ. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಇವರೇ. 1918ರ ಮೊದಲ ಘಟಿಕೋತ್ಸವಕ್ಕೆ ಭಾಷಣ ಮಾಡಲು ಕಲ್ಕತ್ತದಿಂದ ಅಶುತೋಷ್ ಮುಖರ್ಜಿ ಬಂದಿದ್ದರು.

ಕಲ್ಕತ್ತದ ಜೊತೆ ಮೈಸೂರಿಗೆ ಒಂದು ಸ್ವಾರಸ್ಯದ ಕೊಡುಕೊಳ್ಳುವಿಕೆಯೂ ನಡೆಯಿತು. 1918ರಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಮೂವತ್ತರ ಹರೆಯದ ಎಸ್. ರಾಧಾಕೃಷ್ಣನ್ ಮಹಾರಾಜ ಕಾಲೇಜಿಗೆ ಬಂದರು. ಮೂರು ವರ್ಷದಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಅವರನ್ನು ಐದನೇ ಜಾರ್ಜ್ ಹೆಸರಿನ ಪೀಠಕ್ಕೆ ಕರೆಯಿತು. ಆ ಪೀಠ ತೆರವಾಗಿದ್ದು ಹೇಗೆ? ಅದರಲ್ಲಿ ಕೂತಿದ್ದ ಬ್ರಜೇಂದ್ರನಾಥ ಸೀಲ್ ಮೈಸೂರಿಗೆ ಉಪಕುಲಪತಿಯಾಗಿ ಬಂದಿದ್ದರು! ರಾಧಾಕೃಷ್ಣನ್ ಹೊರಟ ದಿನ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ನೊಗಕ್ಕೆ ಕೈಕೊಟ್ಟು ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದ ಕತೆ ಮೈಸೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸೆಪ್ಟೆಂಬರ್ 5 ಬಂತೆಂದರೆ ಎಲ್ಲ ಪತ್ರಿಕೆಗಳಲ್ಲೂ ಆ ಸಾರೋಟು ಹೊರಡುತ್ತದೆ. ಅದೇ ಕಾಲೇಜಿನ ಎಂ. ಹಿರಿಯಣ್ಣನವರಿಗಾಗಿ ಯಾರೂ ಸಾರೋಟು ಎಳೆಯಲಿಲ್ಲ. ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿ ಕೆಲಸ ಶುರು ಮಾಡಿದ ಮಿತಭಾಷಿ ಅವರು. ಇಲ್ಲಿ ವರ್ಷಾನುಗಟ್ಟಲೆ ಮಾಡಿದ ಪಾಠಗಳೇ ನಿವೃತ್ತಿಯ ನಂತರ, 1932ರಲ್ಲಿ, ಭಾರತೀಯ ತತ್ವಶಾಸ್ತ್ರದ ರೂಪರೇಖೆಗಳಾಗಿ ಇಂಗ್ಲಿಷಿನಲ್ಲಿ ಪುಸ್ತಕವಾದವು. ತತ್ವಶಾಸ್ತ್ರ ಓದುವವರು ಇವತ್ತಿಗೂ ಹಣ ಕೊಟ್ಟು ಕೊಳ್ಳುವ ಪುಸ್ತಕ ಅದು. ಸದ್ದು ಮಾಡದವರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ, ಇರಲಿ.

ಓರಿಯಂಟಲ್ ಲೈಬ್ರರಿಯ ಹೆಸರು ಬಂದಮೇಲೆ ಅದರ ಮುಂದೆ ಒಂದು ಗಳಿಗೆ ನಿಲ್ಲಲೇಬೇಕು. 1891ರಲ್ಲಿ ಶುರುವಾದ ಈ ಸಂಸ್ಥೆ ವಿಶ್ವವಿದ್ಯಾಲಯಕ್ಕಿಂತ ಇಪ್ಪತ್ತೈದು ವರ್ಷ ಹಿರಿಯದು, ಆಮೇಲೆ ಅದರ ಮಡಿಲು ಸೇರಿತು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಗಳ ಕಟ್ಟೊಂದನ್ನು ಗ್ರಂಥಪಾಲಕ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಉಳಿದು ಗ್ರಂಥವೇ ಕಳೆದುಹೋಯಿತೆಂದು ಜಗತ್ತು ನಂಬಿದ್ದ ಪುಸ್ತಕ. 1909ರಲ್ಲಿ ಅದನ್ನು ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷಿಗೆ ತಂದರು. ಪ್ರಾಚೀನ ಭಾರತದಲ್ಲಿ ರಾಜ್ಯಶಾಸ್ತ್ರವೇ ಇರಲಿಲ್ಲ ಎಂದು ಬರೆಯುತ್ತಿದ್ದವರು ಆಮೇಲೆ ತಮ್ಮ ವಾಕ್ಯ ತಿದ್ದಿಕೊಳ್ಳಬೇಕಾಯಿತು.

ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಇನ್ನೊಂದು ಬಗೆಯವರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಕೈಕೆಳಗೆ ಓದಿ ಬಂದು, 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಆ ಹೊತ್ತಿಗೆ ಇಡೀ ದೇಶದಲ್ಲಿ ಕಲ್ಕತ್ತ ಬಿಟ್ಟರೆ ಮತ್ತೆಲ್ಲೂ ಇಲ್ಲದ ವಿಭಾಗ. ವಿದ್ಯಾರ್ಥಿಗಳ ನಾಟಕದ ಹುಚ್ಚಿಗೆ ಬೆನ್ನು ತಟ್ಟುತ್ತಿದ್ದವರೂ ಇವರೇ. ಅಷ್ಟು ಸಾಲದು ಎನ್ನಿಸಿತೋ ಏನೋ, 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಪ್ರಸಾರವನ್ನೇ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಂತು, ಮುಂದೆ ಇಡೀ ದೇಶದ ರೇಡಿಯೊಕ್ಕೆ ಅದೇ ಹೆಸರಾಯಿತು. ಕಾಲೇಜಿನ ಮೇಷ್ಟ್ರೊಬ್ಬರು ಇವತ್ತು ಮನೆಯಲ್ಲಿ ಇಂಥದ್ದೊಂದು ಮಾಡಲು ಹೊರಟರೆ ಎಷ್ಟು ಕಡೆಯಿಂದ ನಿರಾಕ್ಷೇಪಣಾ ಪತ್ರ ತರಬೇಕಾದೀತು ಎಂದು ಯೋಚಿಸಿದರೆ ತಲೆ ತಿರುಗುತ್ತದೆ. ಗೋಪಾಲಸ್ವಾಮಿಯವರ ಕಾಲದ ಮೈಸೂರಿನಲ್ಲೇ ಮನಶ್ಶಾಸ್ತ್ರ ಓದಿದ ಒಬ್ಬ ಹೆಣ್ಣುಮಗಳು ಮುಂದೆ ತ್ರಿವೇಣಿ ಎಂಬ ಹೆಸರಿನಲ್ಲಿ ಕಾದಂಬರಿ ಬರೆದರು. ‘ಶರಪಂಜರ’ದ ಕಾವೇರಿಯ ಮನಸ್ಸಿನ ಕಾಯಿಲೆಯನ್ನು ಕನ್ನಡದ ಓದುಗರು ದೆವ್ವ, ಗಾಳಿ ಎನ್ನದೆ ಕಾಯಿಲೆಯಾಗಿಯೇ ಓದಿಕೊಂಡದ್ದರ ಹಿಂದೆ ಆ ತರಗತಿಗಳ ಪಾಲೂ ಇರಬೇಕು.

ಈಗ ಊಟದ ವಿಷಯ.

ವಾರಾನ್ನ ಎಂದರೆ ಹಳಬರಿಗೆ ಬಿಡಿಸಿ ಹೇಳಬೇಕಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಓದುವುದು. ನಡುವೆ ಒಂದು ಮನೆಯವರು ಊರಿಗೆ ಹೋದರೆ, ಇಲ್ಲವೇ ಸೂತಕವಾದರೆ, ಆ ದಿನ ಹುಡುಗನ ಹೊಟ್ಟೆಗೂ ರಜೆ. ಮನೆಯಾಕೆ ಎರಡನೇ ಸಲ ಬಡಿಸಲು ಬರುತ್ತಾಳೋ ಇಲ್ಲವೋ ಎಂದು ಕಣ್ಣ ತುದಿಯಲ್ಲೇ ನೋಡುತ್ತ ಉಂಡವರಲ್ಲಿ ಮುಂದೆ ಜಡ್ಜುಗಳಾದರು, ಎಂಜಿನಿಯರುಗಳಾದರು. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ ಓದಿದವರಿಗೆ ವಾರಾನ್ನದ ಅವಮಾನ, ಹಸಿವು ಎರಡೂ ಗೊತ್ತು. ಹಾಗೆ ಬಂದ ಅವರು ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿ ಎಂ.ಎ.ಗೆ ಚಿನ್ನದ ಪದಕ ಪಡೆದರು. ‘ತಾತಯ್ಯ’ ಎಂದೇ ಊರಿಗೆಲ್ಲ ಗೊತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇಂಥ ಹುಡುಗರ ಕಷ್ಟ ನೋಡಿಯೇ ಅನಾಥಾಲಯ ಕಟ್ಟಿದ್ದು. ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ತರರಾಗಿ, ಪತ್ರಿಕೆ ನಡೆಸಿ, ದಿವಾನರನ್ನೂ ಎದುರು ಹಾಕಿಕೊಂಡ ಆ ಮುದುಕ ಮನೆಮನೆ ತಿರುಗಿ ಧರ್ಮ ಎತ್ತುತ್ತಿದ್ದರು.

ಆದರೆ ವಾರಾನ್ನದ ವ್ಯವಸ್ಥೆಗೆ ಒಂದು ಬಾಗಿಲಿತ್ತು, ಅದು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಬ್ರಾಹ್ಮಣ ಹುಡುಗನಿಗೆ ಅಗ್ರಹಾರದಲ್ಲಿ ಏಳು ಮನೆ ಸಿಕ್ಕೀತು. ಒಕ್ಕಲಿಗರ, ಕುರುಬರ, ಲಿಂಗಾಯತರ ಹುಡುಗನಿಗೆ ಅಲ್ಲಿ ಯಾರು ಎಲೆ ಹಾಕುತ್ತಾರೆ? ದಲಿತರ ಹುಡುಗನಿಗಂತೂ ಆ ಬೀದಿಯ ಮಾತೇ ದೂರ. ಫೀಜು, ಅಂಕಗಳ ಲೆಕ್ಕಕ್ಕಿಂತ ಮೊದಲೇ, ನಗರದಲ್ಲಿ ಉಳಿಯುವ ಜಾಗವೇ ಯಾರು ಓದಬೇಕು ಎಂಬುದನ್ನು ತೀರ್ಮಾನಿಸಿಬಿಡುತ್ತಿತ್ತು. ಸಂಸ್ಥಾನದ ಕಚೇರಿಗಳ ತುಂಬ ಒಂದೇ ಸಮುದಾಯದವರು ಕೂತಿದ್ದರ ಬೇರು ಇಲ್ಲೂ ಇದೆ.

ವಿಶ್ವವಿದ್ಯಾಲಯ ಹುಟ್ಟಿದ ಮರುವರ್ಷವೇ, 1917ರಲ್ಲಿ, ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅದರ ಹಿಂದೆ ಬಲವಾಗಿ ನಿಂತವರಲ್ಲಿ ನೀಲನಕ್ಷೆಯ ರೆಡ್ಡಿಯವರೂ ಒಬ್ಬರು. ಬ್ರಾಹ್ಮಣೇತರ ನಾಯಕರ ಮನವಿಗೆ ಓಗೊಟ್ಟ ನಾಲ್ವಡಿಯವರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ಅರ್ಹತೆ ಕೆಡುತ್ತದೆ ಎಂಬ ನಿಲುವಿನ ವಿಶ್ವೇಶ್ವರಯ್ಯ ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಒಂದೇ ವಿಶ್ವವಿದ್ಯಾಲಯವನ್ನು ಜೊತೆಯಾಗಿ ಕಟ್ಟಿದ ರಾಜ, ದಿವಾನ ಇಬ್ಬರೂ ಅದರೊಳಗೆ ಯಾರು ಬರಬೇಕು ಎಂಬ ಪ್ರಶ್ನೆಯ ಹತ್ತಿರ ಬೇರೆಯಾದರು. ನಾವು ಇಬ್ಬರ ಫೋಟೊವನ್ನೂ ಒಂದೇ ಗೋಡೆಗೆ ತೂಗುಹಾಕುತ್ತೇವೆ. ಈ ಬಿರುಕಿನ ಮಾತು ಬಂದಾಗ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತೇವೆ.

ಹುದ್ದೆ ಕಾದಿರಿಸಿದರೆ ಸಾಲದು, ಆ ಹುದ್ದೆಗೆ ಬೇಕಾದ ಬಿ.ಎ. ಆಗಬೇಕು, ಬಿ.ಎ. ಆಗಬೇಕಾದರೆ ನಾಲ್ಕು ವರ್ಷ ಮೈಸೂರಿನಲ್ಲಿ ಉಣ್ಣಬೇಕು. ಹಾಗಾಗಿ ಜಾತಿ ಸಂಘಗಳು ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು. ಒಕ್ಕಲಿಗರದು, ವೀರಶೈವರದು, ಮುಸ್ಲಿಮರದು, ಹೀಗೆ ಒಂದೊಂದಾಗಿ. ದಲಿತ ಮಕ್ಕಳ ನಿಲಯಗಳಿಗಾಗಿ ಗೋಪಾಲಸ್ವಾಮಿ ಅಯ್ಯರ್ ಜೀವ ಸವೆಸಿದರು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1940ರ ದಶಕದಲ್ಲಿ ಮೈಸೂರಿನಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಮುಂದೆ ಅದರಿಂದಲೇ ಎಷ್ಟು ದೊಡ್ಡ ವಿದ್ಯಾಸಂಸ್ಥೆ ಬೆಳೆಯಿತು ಎಂಬುದು ಕಣ್ಣ ಮುಂದಿದೆ. ಈ ಜಾತಿ ಹಾಸ್ಟೆಲುಗಳು ಹುಡುಗರನ್ನು ಊರಿನ ಕೇರಿಯಿಂದ ಬಿಡಿಸಿ ತಂದು ನಗರದ ಕೇರಿಗೆ ಸೇರಿಸಿದವು ಎಂಬ ಟೀಕೆಯಿದೆ. ಸರಿಯಾದ ಟೀಕೆಯೇ. ಆದರೂ ಅವಿಲ್ಲದಿದ್ದರೆ ಆ ಹುಡುಗರು ಮೈಸೂರಿಗೆ ಬರುತ್ತಲೇ ಇರಲಿಲ್ಲ ಎಂಬುದೂ ಅಷ್ಟೇ ಸರಿ.

ಈ ಎರಡು ಸತ್ಯಗಳನ್ನೂ ಒಟ್ಟಿಗೆ ನೋಡಲು ಕಲಿತ ವಿದ್ಯಾರ್ಥಿಯೊಬ್ಬನನ್ನು ಇದೇ ವಿಶ್ವವಿದ್ಯಾಲಯ ಕೊಟ್ಟಿತು. ಅದು ಹುಟ್ಟಿದ ವರ್ಷವೇ ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್, 1936ರಲ್ಲಿ ಇಲ್ಲಿ ಸೋಷಿಯಲ್ ಫಿಲಾಸಫಿ ಆನರ್ಸ್ ಮುಗಿಸಿದರು. ತತ್ವಶಾಸ್ತ್ರದ ಎ.ಆರ್. ವಾಡಿಯಾ ರೂಪಿಸಿದ ಆ ಕೋರ್ಸಿನಲ್ಲಿ ಸಮಾಜಶಾಸ್ತ್ರ, ಮಾನವಶಾಸ್ತ್ರ, ನೀತಿಶಾಸ್ತ್ರ ಎಲ್ಲವೂ ಕಲಸಿಹೋಗಿದ್ದವು. ಮೈಸೂರಿನ ಪಕ್ಕದ ಹಳ್ಳಿಯೊಂದಕ್ಕೆ ‘ರಾಮಪುರ’ ಎಂಬ ಹೆಸರು ಕೊಟ್ಟು, ಅಲ್ಲಿ ಕೂತು ಅವರು ಕಂಡ ‘ಪ್ರಬಲ ಜಾತಿ’ಯ ವಿಚಾರವನ್ನು ಈಗ ಎಲ್ಲ ಪಕ್ಷದವರೂ ಚುನಾವಣೆಯ ಟಿಕೆಟ್ ಹಂಚುವಾಗ ಬಳಸುತ್ತಾರೆ, ಶ್ರೀನಿವಾಸರ ಹೆಸರು ಕೇಳಿರದಿದ್ದರೂ.

ಕನ್ನಡ ಒಳಗೆ ಬಂದ ದಾರಿ

ಕನ್ನಡದ ಹೆಸರಿನಲ್ಲಿ ಮೆರೆಯುವ ಈ ವಿಶ್ವವಿದ್ಯಾಲಯದೊಳಕ್ಕೆ ಕನ್ನಡ ಬಂದದ್ದು ಹಿಂಬಾಗಿಲಿನಿಂದ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಗೌರವವೂ ಇಂಗ್ಲಿಷ್ ಪ್ರೊಫೆಸರಿಗೆ. ತಮಾಷೆಯೆಂದರೆ ಕನ್ನಡದ ಪರವಾಗಿ ವಾದಿಸಿ ಗೆದ್ದವರೂ ಇಂಗ್ಲಿಷ್ ಪ್ರೊಫೆಸರೇ, ಬಿ.ಎಂ. ಶ್ರೀಕಂಠಯ್ಯ. ಸೂಟು, ರುಮಾಲಿನಲ್ಲಿ ಷೇಕ್ಸ್‌ಪಿಯರ್ ಪಾಠ ಮುಗಿಸಿ ಸಂಜೆ ಕನ್ನಡದ ಸಭೆಗೆ ಹೋಗುತ್ತಿದ್ದ ಅವರು ಆಡಳಿತದ ಒಳಗೂ ಇದ್ದರು, ಕೆಲಕಾಲ ರಿಜಿಸ್ಟ್ರಾರ್ ಆಗಿಯೂ ದುಡಿದರು. ಸೀಲ್ ಅವರು ಉಪಕುಲಪತಿಯಾಗಿದ್ದಾಗಲೇ, 1927ರಲ್ಲಿ, ಕನ್ನಡ ಎಂ.ಎ. ಶುರುವಾಯಿತು. ಮೊದಲ ತಂಡದಲ್ಲಿ ಡಿ.ಎಲ್. ನರಸಿಂಹಾಚಾರ್ ಇದ್ದರು, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರೂ ಇದ್ದರು. ಒಬ್ಬರು ಹಳೆಯ ಗ್ರಂಥಗಳ ಒಂದೊಂದು ಅಕ್ಷರವನ್ನೂ ತೂಗಿ ನೋಡುವ ಪಂಡಿತರಾದರು, ಇನ್ನೊಬ್ಬರು ಏನಾದರೆಂದು ಕನ್ನಡಿಗರಿಗೆ ಹೇಳಬೇಕಿಲ್ಲ.

ಪುಟ್ಟಪ್ಪ ಬಂದದ್ದೂ ಮಲೆನಾಡಿನಿಂದ ಟ್ರಂಕು ಹೊತ್ತೇ. ಹೈಸ್ಕೂಲಿಗೆಂದು ತೀರ್ಥಹಳ್ಳಿಯಿಂದ ಮೈಸೂರಿಗೆ ಬಂದ ಹುಡುಗ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ, ಒಂದು ಚಿಕ್ಕ ಸಂಕಲನವೂ ಅಚ್ಚಾಗಿತ್ತು. ಊರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿ ಕಳಿಸಿದರು. ಕಾಯಿಲೆ ಬಿದ್ದ ಹುಡುಗನನ್ನು ರಾಮಕೃಷ್ಣಾಶ್ರಮದ ಸ್ವಾಮಿಗಳು ಕರೆದೊಯ್ದು ಆಶ್ರಮದಲ್ಲೇ ಇರಿಸಿಕೊಂಡರು. ತರಗತಿಯಲ್ಲಿ ಟಿ.ಎಸ್. ವೆಂಕಣ್ಣಯ್ಯನವರಂಥ ಗುರು ಸಿಕ್ಕಿದರು. ಈ ಎತ್ತರದ, ಮೃದು ಮನಸ್ಸಿನ ಮೇಷ್ಟ್ರು ಶಿಷ್ಯನ ಬೆಳವಣಿಗೆಯನ್ನು ತನ್ನದೆಂಬಂತೆ ನೋಡಿಕೊಂಡು 1939ರಲ್ಲಿ ತೀರಿಹೋದರು. ‘ಶ್ರೀ ರಾಮಾಯಣ ದರ್ಶನಂ’ ಅವರಿಗೇ ಅರ್ಪಣೆಯಾಗಿದೆ. ಕನ್ನಡ ವಿಭಾಗದ ಆ ದಿನಗಳ ಬಗ್ಗೆ ಓದಿದಾಗಲೆಲ್ಲ ನನಗೆ ಅನ್ನಿಸುವುದಿಷ್ಟು: ಅಲ್ಲಿ ಸಿಲಬಸ್ಸಿಗಿಂತ ಸಹವಾಸ ದೊಡ್ಡದಿತ್ತು. ಎ.ಆರ್. ಕೃಷ್ಣಶಾಸ್ತ್ರಿ, ತೀ.ನಂ. ಶ್ರೀಕಂಠಯ್ಯ ಇವರೆಲ್ಲ ತರಗತಿ ಮುಗಿದ ಮೇಲೆ ನಿಜವಾದ ಪಾಠ ಶುರು ಮಾಡುತ್ತಿದ್ದ ಮೇಷ್ಟ್ರುಗಳು.

ವಿಸ್ಕಾನ್ಸಿನ್ ಕತೆ ಇಲ್ಲಿ ಮತ್ತೆ ಬರುತ್ತದೆ. ಪ್ರೊಫೆಸರುಗಳು ಬಸ್ಸು, ಗಾಡಿ ಹಿಡಿದು ಹಳ್ಳಿಗಳಿಗೆ ಹೋಗಿ ಪ್ರಚಾರೋಪನ್ಯಾಸ ಮಾಡುವ ಪದ್ಧತಿ ಮೈಸೂರಿನಲ್ಲಿ ಗಟ್ಟಿಯಾಗಿ ಬೇರೂರಿತು. ಕ್ಷಯ ಹೇಗೆ ಹರಡುತ್ತದೆ, ನಕ್ಷತ್ರ ಎಷ್ಟು ದೂರ, ಪಂಪ ಯಾರು, ಸಹಕಾರ ಸಂಘ ಎಂದರೇನು? ಊರ ದೇವಸ್ಥಾನದ ಜಗಲಿಯಲ್ಲಿ ಲಾಟೀನು ಬೆಳಕಿನಲ್ಲಿ ಇವೆಲ್ಲದರ ಭಾಷಣ. ಆ ಭಾಷಣಗಳೇ ಕೆಲವು ಆಣೆಗಳ ಚಿಕ್ಕ ಪುಸ್ತಕಗಳಾಗಿ ಅಚ್ಚಾದವು. ನಮ್ಮ ತಾತಂದಿರ ಕಾಲದ ಮನೆಗಳ ಅಟ್ಟ ಹುಡುಕಿದರೆ ಇವತ್ತಿಗೂ ಒಂದೆರಡು ಸಿಗುತ್ತವೆ, ರಟ್ಟು ಕಿತ್ತುಹೋದ, ಅಂಗೈ ಅಗಲದ ಪುಸ್ತಕಗಳು. ವಿಶ್ವವಿದ್ಯಾಲಯದ ಪ್ರಸಾರಾಂಗ ಬೆಳೆದದ್ದು ಈ ದಾರಿಯಲ್ಲಿ. 1946ರ ಇಂಗ್ಲಿಷ್–ಕನ್ನಡ ನಿಘಂಟು, ಆಮೇಲೆ ವಿಶ್ವಕೋಶದ ಸಂಪುಟಗಳು ಎಲ್ಲ ಇದೇ ಮನೆಯಿಂದ ಹೊರಬಂದವು. ನನ್ನ ಮಟ್ಟಿಗೆ ಮೈಸೂರು ವಿಶ್ವವಿದ್ಯಾಲಯದ ಅತಿ ದೊಡ್ಡ ಕೆಲಸ ಇದು. ರ‍್ಯಾಂಕಿಂಗ್ ಕೊಡುವವರ ಯಾವ ಕಾಲಮ್ಮಿನಲ್ಲೂ ಇದಕ್ಕೆ ಅಂಕವಿಲ್ಲ.

1956ರಲ್ಲಿ ಪುಟ್ಟಪ್ಪ, ಅಂದರೆ ಕುವೆಂಪು, ಉಪಕುಲಪತಿಯಾದರು. ಈ ವಿಶ್ವವಿದ್ಯಾಲಯದಲ್ಲೇ ಓದಿದವರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಕವಿಗೆ ಆಡಳಿತ ಬಂದೀತೇ ಎಂದು ಗೊಣಗಿದವರಿದ್ದರು. ನಾಲ್ಕು ವರ್ಷದಲ್ಲಿ ಅವರು ಮಾಡಿದ್ದು ನೋಡಿದರೆ ಆಡಳಿತಗಾರರಿಗೆ ಕವಿತೆ ಬಂದೀತೇ ಎಂದೇ ಕೇಳಬೇಕು. ಪದವಿಯ ಮಟ್ಟದಲ್ಲಿ ಕನ್ನಡದಲ್ಲಿ ಕಲಿಸುವುದಕ್ಕೆ, ಕನ್ನಡದಲ್ಲಿ ಪಠ್ಯ ಬರೆಸುವುದಕ್ಕೆ ಹಟ ಹಿಡಿದರು. ಸ್ನಾತಕೋತ್ತರ ವಿಭಾಗಗಳನ್ನು ಊರ ಗದ್ದಲದಿಂದ ಆಚೆ, ಕುಕ್ಕರಹಳ್ಳಿ ಕೆರೆಯ ಹಿಂದಿನ ಬಯಲಿಗೆ ಒಯ್ಯಲು ಯೋಜನೆ ಹಾಕಿ, ಆ ಜಾಗಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. 739 ಎಕರೆ. ನಡುವೆ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ್ದ ಜಯಲಕ್ಷ್ಮಿ ವಿಲಾಸ ಅರಮನೆ. ಅದನ್ನೂ ವಿಶ್ವವಿದ್ಯಾಲಯ ಕೊಂಡುಕೊಂಡಿತು. ಡಿ. ಜವರೇಗೌಡರ ಉತ್ಸಾಹ, ಜೀ.ಶಂ. ಪರಮಶಿವಯ್ಯನವರ ಹಳ್ಳಿ ತಿರುಗಾಟ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಕಣ್ಣು ಮೂರೂ ಸೇರಿ ರಾಜಕುಮಾರಿಯ ಆ ಕೋಣೆಗಳು ಜಾನಪದ ವಸ್ತುಸಂಗ್ರಹಾಲಯವಾದವು. ಸೋಮನ ಮುಖವಾಡ, ತೊಗಲುಗೊಂಬೆ, ನೇಗಿಲು, ಒನಕೆ ಎಲ್ಲ ದರ್ಬಾರ್ ಹಾಲಿಗೆ ಬಂದು ಕೂತವು. ಅರಮನೆಯನ್ನು ಇದಕ್ಕಿಂತ ಚೆನ್ನಾಗಿ ಬಳಸಿಕೊಂಡ ಉದಾಹರಣೆ ನನಗೆ ಗೊತ್ತಿಲ್ಲ.

ಕೆರೆ ಏರಿ, ಕಾಫಿ ಹೌಸು, ಬೀದಿ

ಹುಡುಗರು ಓದುತ್ತಿದ್ದರೇ? ಕೆಲವರು ಓದುತ್ತಿದ್ದರು. ಆರ್.ಕೆ. ನಾರಾಯಣ್ ಪ್ರವೇಶ ಪರೀಕ್ಷೆಯಲ್ಲೇ ಫೇಲಾಗಿ, ಒಂದು ವರ್ಷ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಕುಕ್ಕರಹಳ್ಳಿ ಕೆರೆಯ ಕಡೆ ಅಡ್ಡಾಡಿದರು. ಪಾಸಾಗಿ ಸೇರಿದ ಮೇಲೂ ಬಿ.ಎ. ಮುಗಿಯುವಾಗ 1930. ಎಂ.ಎ.ಗೆ ಅರ್ಜಿ ಕೊಡಲು ಮಹಾರಾಜ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾಗ ಎದುರಾದ ಗೆಳೆಯನೊಬ್ಬ, ಸಾಹಿತ್ಯದ ಮೇಲಿನ ಆಸೆ ಸಾಯಬೇಕೆಂದಿದ್ದರೆ ಎಂ.ಎ. ಮಾಡು ಎಂಬರ್ಥದ ಮಾತು ಹೇಳಿದನಂತೆ. ನಾರಾಯಣ್ ತಿರುಗಿ ಇಳಿದುಬಿಟ್ಟರು. ಆ ಗೆಳೆಯನಿಗೆ ವಿಶ್ವವಿದ್ಯಾಲಯ ಒಂದು ಗೌರವ ಡಾಕ್ಟರೇಟ್ ಕೊಡಬೇಕಿತ್ತು. ಎ.ಕೆ. ರಾಮಾನುಜನ್ ಗಣಿತದ ಪ್ರೊಫೆಸರರ ಮಗ. ಮನೆಯೊಳಗೆ ತಮಿಳು, ಅಪ್ಪನ ಓದುಕೋಣೆಯಲ್ಲಿ ಇಂಗ್ಲಿಷ್, ಬೀದಿಗಿಳಿದರೆ ಕನ್ನಡ. ವಿಜ್ಞಾನ ಬಿಟ್ಟು ಇಂಗ್ಲಿಷ್ ಸಾಹಿತ್ಯ ಓದಿ ಎಂ.ಎ. ಆದ ಅವರು ಕೊನೆಗೆ ಷಿಕಾಗೊದಲ್ಲಿ ಮೇಷ್ಟ್ರಾಗಿ, ವಚನಗಳನ್ನು ಜಗತ್ತಿಗೆ ಓದಿಸಿದರು.

ಸ್ವಾತಂತ್ರ್ಯದ ನಂತರದ ಎರಡು ದಶಕ ಇಂಗ್ಲಿಷ್ ವಿಭಾಗದ್ದು. ಕೇಂಬ್ರಿಜ್‌ನಲ್ಲಿ ಲೀವಿಸ್ ಶಿಷ್ಯರಾಗಿ ಬಂದ ಸಿ.ಡಿ. ನರಸಿಂಹಯ್ಯ ಭಾರತೀಯರು ಬರೆದ ಇಂಗ್ಲಿಷನ್ನೂ ತರಗತಿಯಲ್ಲಿ ಕಲಿಸಬಹುದು ಎಂದು ಹೊರಟವರು. ಅದೇ ಊರಿನ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಗೋಪಾಲಕೃಷ್ಣ ಅಡಿಗರ ಸುತ್ತ ಕಾಫಿ ಹೌಸಿನಲ್ಲಿ ಹುಡುಗರ ಗುಂಪು. ಅದರಲ್ಲಿ ತೀರ್ಥಹಳ್ಳಿ ಕಡೆಯಿಂದ ಬಂದ ಯು.ಆರ್. ಅನಂತಮೂರ್ತಿಯೂ ಒಬ್ಬರು. ನವ್ಯದ ಬಹುಪಾಲು ಜಗಳ ಆ ಮೇಜುಗಳ ಸುತ್ತಲೇ ಹುಟ್ಟಿದ್ದು. ಆ ಕಾಲದ ಹುಡುಗರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಗೆಳೆಯರ ಬಳಗ ಇನ್ನೂ ಒಂದು ಕೈ ಮೇಲು. ‘ಅಣ್ಣನ ನೆನಪು’ ಓದಿದರೆ ಅವರ ಕಾಲೇಜಿನ ಕಿತಾಪತಿಗಳ ರುಚಿ ಸಿಗುತ್ತದೆ. ಉಪಕುಲಪತಿಯ ಮಗ ಎಂಬ ಭಾರವನ್ನು ಆತ ಹೊತ್ತಂತೆ ಮಾತ್ರ ಕಾಣುವುದಿಲ್ಲ.

ಆದರೆ ಮೈಸೂರಿನ ವಿದ್ಯಾರ್ಥಿ ಜೀವನವನ್ನು ಕೆರೆ ಏರಿಯ ನಡಿಗೆ, ಕಾಫಿ, ಕವಿತೆ ಎಂದಷ್ಟೇ ಬರೆಯುವುದು ಒಂದು ಬಗೆಯ ಮೋಸ. 1947ರ ಆಗಸ್ಟ್ 15 ಕಳೆದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರಿನ ‘ಮೈಸೂರು ಚಲೋ’ದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ಗುಂಡು ಹಾರಿತು. ಧ್ವಜ ಹಿಡಿದಿದ್ದ ಹೈಸ್ಕೂಲಿನ ಹುಡುಗ ರಾಮಸ್ವಾಮಿ ಸತ್ತ. ಬಸ್ ಕಂಡಕ್ಟರ್ ದಿನಕ್ಕೆ ನೂರು ಸಲ ಕೂಗುವ ರಾಮಸ್ವಾಮಿ ಸರ್ಕಲ್ ಅವನದೇ.

1973ರ ನವೆಂಬರ್‌ನದು ಇನ್ನೊಂದು ಬಗೆಯ ಗಾಯ. ದೇವರಾಜ ಅರಸರ ಸಂಪುಟದಲ್ಲಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ರಾಜ್ಯವೇ ಹೊತ್ತಿಕೊಂಡಿತು. ಭಾಷಾಭಿಮಾನದ ಹೆಸರಿನಲ್ಲಿ ನಡೆದ ಚಳವಳಿ ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ತಿರುಗಿತು. ಸಚಿವರು ರಾಜೀನಾಮೆ ಕೊಡಬೇಕಾಯಿತು. ಕುವೆಂಪು ಮಾತ್ರ ಬಸವಲಿಂಗಪ್ಪನವರ ಪರ ನಿಂತರು. ಕನ್ನಡವನ್ನು ವಿಶ್ವವಿದ್ಯಾಲಯದ ಒಳಕ್ಕೆ ತರಲು ಹೋರಾಡಿದ ಮನುಷ್ಯನೇ ಕನ್ನಡದ ಹೆಸರಿನ ಕಲ್ಲು ತೂರಾಟವನ್ನು ಒಪ್ಪಲಿಲ್ಲ. ಏಟು ತಿಂದ ಹುಡುಗರು ಸುಮ್ಮನೆ ಊರಿಗೆ ಹೋಗಲಿಲ್ಲ. ದಲಿತ ಸಂಘರ್ಷ ಸಮಿತಿಗೆ, ದಲಿತ ಸಾಹಿತ್ಯಕ್ಕೆ ಆ ದಿನಗಳ ಸಿಟ್ಟು ಉರುವಲಾಯಿತು. ಅದೇ ದಶಕದಲ್ಲಿ ಹಾವನೂರು ಆಯೋಗದ ವರದಿ ಬಂತು, ಅರಸು ಸರ್ಕಾರ ಹಿಂದುಳಿದ ವರ್ಗಗಳ ಹಾಸ್ಟೆಲುಗಳನ್ನು ಜಿಲ್ಲೆ ತಾಲ್ಲೂಕುಗಳಲ್ಲಿ ಹೆಚ್ಚಿಸಿತು. ಊಟ ಹಾಕುವವರು ಜಾತಿಯವರು ಎಂಬ ಹಂಗಿನಿಂದ ಹುಡುಗರು ಸರ್ಕಾರಿ ಮೆಸ್ಸಿಗೆ ಬಂದರು. ಮೆಸ್ಸಿನ ಸಾರು ನೀರಾಗಿರುತ್ತದೆ ಎಂಬ ದೂರು ಅಂದಿನಿಂದ ಇಂದಿನವರೆಗೆ ನಿಂತಿಲ್ಲ. ದೂರು ಕೊಡುವುದಕ್ಕೆ ಹಕ್ಕಿದೆ ಎಂಬುದೇ ವಾರಾನ್ನಕ್ಕೂ ಇದಕ್ಕೂ ಇರುವ ವ್ಯತ್ಯಾಸ.

ಹೆಣ್ಣುಮಕ್ಕಳ ದಾರಿ ಇನ್ನೂ ಉದ್ದದ್ದು. 1881ರಲ್ಲಿ ಶುರುವಾದ ಹೆಣ್ಣುಮಕ್ಕಳ ಶಾಲೆಗೆ ಪರದೆ ಕಟ್ಟಿದ ಗಾಡಿಗಳಲ್ಲಿ ಮಕ್ಕಳನ್ನು ಕರೆತರುತ್ತಿದ್ದರು. ಆ ಶಾಲೆಯೇ ಮುಂದೆ ಮಹಾರಾಣಿ ಕಾಲೇಜು. ವಿಶ್ವವಿದ್ಯಾಲಯದ ಆಡಳಿತ ಭವನವಾದ ಕ್ರಾಫರ್ಡ್ ಹಾಲಿನ ಉಪಕುಲಪತಿ ಕುರ್ಚಿಯಲ್ಲಿ ಒಬ್ಬ ಮಹಿಳೆ, ಸೆಲ್ವಿ ದಾಸ್, ಕೂರುವ ಹೊತ್ತಿಗೆ 1988. ವಿಶ್ವವಿದ್ಯಾಲಯಕ್ಕೆ ಆಗ ಎಪ್ಪತ್ತೆರಡು ವರ್ಷ.

ಸಕಲೇಶಪುರದ ಕಾಫಿ ತೋಟದ ಬಿಳಿಯ ದೊರೆಯ ಹೆಸರು ಹೊತ್ತ ಆ ಕ್ರಾಫರ್ಡ್ ಹಾಲಿನ ಆಳ್ವಿಕೆ ಒಂದು ಕಾಲದಲ್ಲಿ ಹಳೆಯ ಮೈಸೂರು ಸೀಮೆಯನ್ನೆಲ್ಲ ಆವರಿಸಿತ್ತು. 1964ರಲ್ಲಿ ಬೆಂಗಳೂರು ಬೇರೆಯಾಯಿತು, 1980ರಲ್ಲಿ ಮಂಗಳೂರು, 1987ರಲ್ಲಿ ಶಿವಮೊಗ್ಗದ ಕಡೆಯ ಕುವೆಂಪು ವಿಶ್ವವಿದ್ಯಾಲಯ. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರವೂ ಪಾಲಾದವು. ಅಣ್ಣತಮ್ಮಂದಿರ ಪಾಲಿನಲ್ಲಿ ಹಿರಿಯನಿಗೆ ಹಳೇ ಮನೆ, ಹಳೇ ಸಾಲ ಎರಡೂ ಬರುವಂತೆ ಇಲ್ಲೂ ಆಗಿದೆ. ಕಾಲೇಜುಗಳು ಹೋದಂತೆ ಪರೀಕ್ಷಾ ಶುಲ್ಕದ ವರಮಾನ ಇಳಿಯಿತು, ನಿವೃತ್ತರ ಪಿಂಚಣಿಯ ಹೊರೆ ಉಳಿಯಿತು. ಕಾಯಂ ಪ್ರಾಧ್ಯಾಪಕರು ನಿವೃತ್ತರಾದ ಜಾಗಗಳಲ್ಲಿ ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ಹೊಸ ವಿಶ್ವವಿದ್ಯಾಲಯಗಳನ್ನು ಒಂದು ಸರ್ಕಾರ ತೆರೆದರೆ, ಮುಂದೆ ಬಂದ ಸರ್ಕಾರ ಅವುಗಳಲ್ಲಿ ಕೆಲವನ್ನು ಮುಚ್ಚುವ ಮಾತನ್ನೂ ಆಡಿತು. ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂದರೆ ಮನೆ ಹತ್ತಿರವೇ ಎಂ.ಎ. ಸಿಗುತ್ತದೆ, ಬಡವರ ಮನೆಯ ಹುಡುಗಿಗೆ ಅದು ಸಣ್ಣ ಅನುಕೂಲವಲ್ಲ. ಆದರೆ ಕೊಳ್ಳೇಗಾಲದ ಹುಡುಗಿ ಸಕಲೇಶಪುರದ ಹುಡುಗಿಯ ಜೊತೆ ಒಂದೇ ರೂಮಿನಲ್ಲಿ ಇದ್ದು, ಜಗಳವಾಡಿ, ಟಿಪ್ಪಣಿ ಹಂಚಿಕೊಂಡು ಕಲಿಯುತ್ತಿದ್ದ ಪಾಠ ಅದರಲ್ಲಿ ಇರುವುದಿಲ್ಲ.

ಘಟಿಕೋತ್ಸವದ ಮರುದಿನದ ಪತ್ರಿಕೆ ನೋಡಿದರೆ ವರ್ಷವರ್ಷವೂ ಒಂದೇ ಸುದ್ದಿ: ಚಿನ್ನದ ಪದಕಗಳಲ್ಲಿ ಹುಡುಗಿಯರದೇ ಮೇಲುಗೈ. ಅಪ್ಪ ಕೂಲಿ, ಅಮ್ಮ ಬೀಡಿ ಕಟ್ಟುವವರು, ಅಣ್ಣ ಗಾರೆ ಕೆಲಸ ಎಂಬ ಸಾಲುಗಳು ಫೋಟೊದ ಕೆಳಗೆ ಇರುತ್ತವೆ. ಕುತ್ತಿಗೆಗೆ ಪದಕಗಳನ್ನು ಹಾಕಿಕೊಂಡು ಕ್ರಾಫರ್ಡ್ ಹಾಲಿನ ಮೆಟ್ಟಿಲ ಮೇಲೆ ಅಪ್ಪ ಅಮ್ಮನ ಜೊತೆ ನಿಂತವರನ್ನು ವರದಿಗಾರ ಮುಂದೇನು ಎಂದು ಕೇಳುತ್ತಾನೆ. ಕಾಲೇಜಿನಲ್ಲಿ ಪಾಠ ಮಾಡಬೇಕು ಎನ್ನುತ್ತಾರೆ ಅನೇಕರು. ಅವರಲ್ಲಿ ಕೆಲವರು ಮುಂದಿನ ವರ್ಷ ಅತಿಥಿ ಉಪನ್ಯಾಸಕಿಯರಾಗಿ ಸೇರುತ್ತಾರೆ, ನೆಟ್, ಕೆ-ಸೆಟ್ ಪಾಸಾಗಿ ಕಾಯಂ ಹುದ್ದೆಯ ಅಧಿಸೂಚನೆ ಯಾವಾಗ ಹೊರಡುತ್ತದೋ ಎಂದು ಕಾಯುತ್ತಾರೆ, ವಯೋಮಿತಿ ಮೀರುವ ತನಕ.